ಸೈಕಲ್ಲಿಗೆ ಎಪ್ಪತ್ತೊಂದು ಕಿಲೋಮೀಟರ್ ವೇಗ

ಮನುಷ್ಯ ಈ ಭೂಮಿಯ ಮೇಲೆ ಬಿಟ್ಟುಹೋಗುವ ಗುರುತುಗಳಲ್ಲಿ ರಸ್ತೆಯಷ್ಟು ಶಾಶ್ವತವಾದದ್ದು ಇನ್ನೊಂದಿಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ನಾನು ಹೀಗೆ ನಂಬಿದ್ದೆ. ನಾನೇ ನಿಂತು ಹಾಕಿಸಿದ ಮೊದಲ ರಸ್ತೆ ಹನ್ನೊಂದು ತಿಂಗಳಿಗೆ ಎದ್ದುಹೋದ ಮೇಲೆ ಈ ಮಾತನ್ನು ಬೇರೆಯವರ ಮುಂದೆ ಆಡುವುದನ್ನು ಬಿಟ್ಟೆ.

2022ರಲ್ಲಿ ನಾನು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಹಾಯಕ ಎಂಜಿನಿಯರ್. ಯಾವ ಇಲಾಖೆ ಎಂದು ಹೇಳುವುದಿಲ್ಲ. ಪಿಂಚಣಿ ಈಗಲೂ ಅಲ್ಲಿಂದಲೇ ಬರುತ್ತಿದೆ. ನಿವೃತ್ತಿಗೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಉಳಿದಿತ್ತು. ನನ್ನ ಸುಪರ್ದಿಯಲ್ಲಿದ್ದ ರಸ್ತೆಗಳಲ್ಲಿ ತೂಬಗೆರೆ ಕಡೆಯದೂ ಒಂದು. ಭಾನುವಾರ ಬೆಳಗಾದರೆ ಅಲ್ಲಿ ಬಿಗಿ ಚಡ್ಡಿ, ಬಣ್ಣದ ಹೆಲ್ಮೆಟ್ಟಿನ ಸೈಕಲ್ ಸವಾರರ ಸಾಲು. ದನ ಹೊಡೆದುಕೊಂಡು ಹೋಗುವವರು ನಿಂತು ನೋಡುತ್ತಿದ್ದರು. ದನಗಳು ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಆ ರಸ್ತೆಯಲ್ಲಿ ಒಂದು ಹಳ್ಳಿಯಿದೆ. ಇಳಿಜಾರು ಮುಗಿದು, ಎರಡೂ ಕಡೆ ಹುಣಸೆಮರಗಳ ನೆರಳು ಶುರುವಾಗುವ ಕಡೆ. ಒಂದು ಮಂಗಳವಾರ ಅಲ್ಲಿನ ಅಂಗನವಾಡಿ ಸಹಾಯಕಿಗೆ ಟೆಂಪೋ ಗುದ್ದಿ ಕಾಲು ಮುರಿಯಿತು. ನಾನು ಹೋಗುವಷ್ಟರಲ್ಲಿ ಊರಿನವರು ರಸ್ತೆಗೆ ಕಲ್ಲಿಟ್ಟು ಕೂತಿದ್ದರು. ಮುಂದಾಳು ಮುನಿರಾಜು, ಗ್ರಾಮ ಪಂಚಾಯ್ತಿಯ ಮಾಜಿ ಸದಸ್ಯ.

“ಹಂಪ್ಸ್ ಹಾಕೋ ತಂಕ ಒಂದು ಗಾಡೀನೂ ಬಿಡಲ್ಲ ಸಾರ್. ನಿಮ್ದೂ ಸೇರಿ.”

ರಸ್ತೆ ಉಬ್ಬು ಹಾಕುವುದಕ್ಕೆ ಒಂದು ಕ್ರಮವಿದೆ. ಅರ್ಜಿ ಬರಬೇಕು, ಸ್ಥಳ ಪರಿಶೀಲನೆ ಆಗಬೇಕು, ಅಂದಾಜುಪಟ್ಟಿ ತಯಾರಾಗಿ ಮಂಜೂರಾಗಬೇಕು. ಉಬ್ಬಿನ ಎತ್ತರ ಹತ್ತು ಸೆಂಟಿಮೀಟರ್, ಅಗಲ ಮೂರು ಮುಕ್ಕಾಲು ಮೀಟರ್‌ಗೆ ತುಸು ಕಡಿಮೆ. ಮೇಲೆ ಬಿಳಿ ಪಟ್ಟೆ, ಸಾಕಷ್ಟು ಮುಂಚೆಯೇ ಎಚ್ಚರಿಕೆಯ ಫಲಕ. ಇಷ್ಟನ್ನೂ ನಾನು ಮುನಿರಾಜುವಿಗೆ ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿ, “ಆಯ್ತು, ಅದೆಲ್ಲಾ ಆಗೋ ತಂಕ ಕೂತಿರ್ತೀವಿ” ಎಂದ.

ದುರದೃಷ್ಟಕ್ಕೆ ಅದೇ ಹೊತ್ತಿಗೆ, ಬೇರೆ ಕಡೆ ಗುಂಡಿ ಮುಚ್ಚಿ ಉಳಿದ ಬಿಸಿ ಡಾಂಬರು ಮಿಶ್ರಣ ಹೊತ್ತ ನಮ್ಮದೇ ಲಾರಿ ಹಿಂದಿನಿಂದ ಬಂದು ನಿಂತಿತು. ಅರ್ಧ ಗಂಟೆಯಲ್ಲಿ ಹಂಪ್ಸ್ ತಯಾರಾಯಿತು. ಮುನಿರಾಜು ಪಕ್ಕದಲ್ಲೇ ನಿಂತು, “ಇನ್ನೊಂದ್ ಬಾಂಡ್ಲಿ ಹಾಕ್ಸಿ ಸಾರ್, ಇದ್ಕೆಲ್ಲಾ ಟೆಂಪೋ ಬಗ್ಗಲ್ಲ” ಎನ್ನುತ್ತಲೇ ಇದ್ದ. ಹಾಕಿಸಿದೆ. ಎತ್ತರ ಹದಿನೆಂಟು ಸೆಂಟಿಮೀಟರ್ ಬಂತು, ಅಗಲ ಎರಡು ಅಡಿ. ಅದನ್ನು ಉಬ್ಬು ಎನ್ನುವುದಕ್ಕಿಂತ ಮಲಗಿಸಿದ ಗೋಡೆ ಎನ್ನಬಹುದಿತ್ತು. ಊರಿನವರು ಚಪ್ಪಾಳೆ ತಟ್ಟಿದರು. ನನಗೆ ಎಳನೀರು ಕೊಟ್ಟರು.

ಬಿಳಿ ಬಣ್ಣ ಬಳಿಯಲಿಲ್ಲ. ಕಾರಣ ಸರಳ. ಬಣ್ಣಕ್ಕೆ ಅಂದಾಜುಪಟ್ಟಿ ಬೇಕು. ಅಂದಾಜುಪಟ್ಟಿ ಬರೆಯಲು ಹಂಪ್ಸ್ ರಿಜಿಸ್ಟರಿನಲ್ಲಿರಬೇಕು. ಮಂಜೂರಾತಿಯಿಲ್ಲದೆ ಹಾಕಿದ್ದನ್ನು ರಿಜಿಸ್ಟರಿಗೆ ಹತ್ತಿಸಿದರೆ ಹಾಕಿದವನು ವಿವರಣೆ ಕೊಡಬೇಕು. ಹೀಗಾಗಿ ಕಚೇರಿಯ ಮಟ್ಟಿಗೆ ಆ ಹಂಪ್ಸ್ ಇರಲೇ ಇಲ್ಲ. ನಮ್ಮ ತಾಲ್ಲೂಕಿನಲ್ಲಿ ಈ ಜಾತಿಯವು ಬೇಕಾದಷ್ಟಿದ್ದವು. ಇದೊಂದು ಹೆಚ್ಚಾಯಿತು ಎಂದುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಐದು ದಿನಗಳ ನಂತರ, ಭಾನುವಾರ ಬೆಳಗ್ಗೆ, ಗಿರೀಶ್ ಎಂಬುವರು ಅಲ್ಲಿ ಸೈಕಲ್ಲಿನಿಂದ ಬಿದ್ದು ತೀರಿಕೊಂಡರು. ನಲವತ್ತೆಂಟು ವರ್ಷ. ಪೇಟೆಯಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟಿದ್ದವರು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರ ಮಾತು ಕೇಳಿ ಸೈಕಲ್ ಹಿಡಿದವರು. ಇಳಿಜಾರು, ಕರಿ ರಸ್ತೆ, ಅದರ ಮೇಲೆ ಕರಿ ಹಂಪ್ಸ್, ಮೇಲಿಂದ ಮರದ ನೆರಳು. ಹೆಲ್ಮೆಟ್ ಇತ್ತು. ಕುತ್ತಿಗೆಗೆ ಪೆಟ್ಟಾಗಿತ್ತು.

ವಿಷಯ ನನಗೆ ಗೊತ್ತಾದದ್ದು ಸೋಮವಾರ. ಅವತ್ತು ನಾನು ಮಾಡಿದ ಮೊದಲ ಕೆಲಸವನ್ನು ಇಲ್ಲಿ ಬರೆಯಲೇಬೇಕು. ಒಬ್ಬ ಪೇಂಟರನ್ನು ಕಳಿಸಿ ಹಂಪ್ಸಿಗೆ ಬಿಳಿ ಪಟ್ಟೆ ಹೊಡೆಸಿದೆ. ಎರಡನೆಯ ಕೆಲಸ ಅದೇ ವಾರದ ಕೊನೆಯಲ್ಲಿ. ಠಾಣೆಯಿಂದ, ಆ ಉಬ್ಬನ್ನು ಯಾರು ಯಾವಾಗ ಹಾಕಿದರು ಎಂದು ಪತ್ರ ಬಂತು. ನಮ್ಮ ಗುಮಾಸ್ತರು ಮೂವತ್ತು ವರ್ಷದ ಅನುಭವದಿಂದ ಉತ್ತರ ಸಿದ್ಧಪಡಿಸಿದರು: ‘ಕಚೇರಿಯ ದಾಖಲೆಗಳ ಪ್ರಕಾರ ಸದರಿ ಸ್ಥಳದಲ್ಲಿ ಈ ಕಚೇರಿಯಿಂದ ಯಾವುದೇ ರಸ್ತೆ ಉಬ್ಬನ್ನು ನಿರ್ಮಿಸಿರುವುದಿಲ್ಲ.’ ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದೆ. ಇಲ್ಲದ ಹಂಪ್ಸಿಗೆ ಬಣ್ಣ ಹೊಡೆಸಿದ ಗೌರವ ಜಿಲ್ಲೆಯಲ್ಲಿ ಇನ್ನಾರಿಗೂ ಸಲ್ಲಲಿಕ್ಕಿಲ್ಲ.

ಠಾಣೆಯವರಿಗೆ ಬೇರೆ ಕಾರಣ ಕೈಯಲ್ಲೇ ಇತ್ತು. ಗಿರೀಶರ ಫೋನಿನಲ್ಲಿ, ಸೈಕಲ್ ಸವಾರಿಯನ್ನು ದಾಖಲಿಸುವ ಒಂದು ಆ್ಯಪ್ ಇತ್ತು. ಬಿಟ್ಟಿ ಸಿಗುವ ಆವೃತ್ತಿ. ಅದು ಒಟ್ಟು ದೂರ, ಒಟ್ಟು ಸಮಯ, ಗರಿಷ್ಠ ವೇಗ, ಇಷ್ಟನ್ನೇ ತೋರಿಸುತ್ತಿತ್ತು. ಆಸ್ಪತ್ರೆಯಲ್ಲಿ ಯಾರೋ ಅದನ್ನು ನಿಲ್ಲಿಸಿದಾಗ, ‘ಅಭಿನಂದನೆಗಳು, ಇದು ನಿಮ್ಮ ಅತ್ಯಂತ ವೇಗದ ಸವಾರಿ’ ಎಂದು ತೋರಿಸಿತಂತೆ. ಗರಿಷ್ಠ ವೇಗ: ಗಂಟೆಗೆ ಎಪ್ಪತ್ತೊಂದು ಕಿಲೋಮೀಟರ್. ದಫೇದಾರರು ಅದನ್ನು ಬರೆದುಕೊಂಡರು. ಅತಿವೇಗದಿಂದ ನಿಯಂತ್ರಣ ತಪ್ಪಿ ಬಿದ್ದದ್ದು ಎಂದಾಯಿತು. ಈ ವಯಸ್ಸಿನಲ್ಲಿ ರೇಸ್ ಬೇಕಿತ್ತಾ ಎಂದು ಪೇಟೆಯಲ್ಲಿ ನಾಲ್ಕು ಜನ ಆಡಿಕೊಂಡರು. ಅವರಲ್ಲಿ ನಾನೂ ಒಬ್ಬ. ಆಡಿಕೊಂಡಾಗ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಕಚೇರಿಗೆ ಒಬ್ಬ ಹೆಂಗಸು ಬಂದರು. ಗಿರೀಶರ ಹೆಂಡತಿ ವಸಂತಾ, ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಕೂತವರೇ ಚೀಲದಿಂದ ಒಂದು ಗ್ರಾಫ್ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಪೆನ್ಸಿಲ್ಲಿನಲ್ಲಿ ಎಳೆದದ್ದು.

“ಸಾರ್, ನೀವು ಎಂಜಿನಿಯರು. ಇದನ್ನ ಓದೋಕೆ ಬರುತ್ತಲ್ವಾ?”

“ಬರುತ್ತೆ ಮೇಡಂ.”

“ನಾನು ಎಂಟನೇ ಕ್ಲಾಸಿಗೆ ಹೇಳಿಕೊಡ್ತೀನಿ. ಅಡ್ಡಕ್ಕೆ ಟೈಮು, ಮೇಲಕ್ಕೆ ಸ್ಪೀಡು.”

ದುಡ್ಡು ಕಟ್ಟಿದರೆ ಆ ಆ್ಯಪ್ ಸವಾರಿಯ ಪ್ರತಿ ನಿಮಿಷದ ವೇಗವನ್ನೂ ಜಾಗದ ಸಮೇತ ತೋರಿಸುತ್ತದೆ, ಹಿಂದಿನ ಸವಾರಿಗಳ ಜೊತೆ ಹೋಲಿಸಿಯೂ ಕೊಡುತ್ತದೆ. ಗಂಡ ತೀರಿಕೊಂಡ ಮೇಲೆ ಅವರ ಫೋನಿನಲ್ಲಿ ಚಂದಾ ಕಟ್ಟಿದ್ದು ಈಕೆ.

“ಅವರಿದ್ದಾಗ ಒಂದು ವರ್ಷ ಕೇಳಿದ್ರು ಸಾರ್. ಕಟ್ಟೋಣ ಕಣೇ, ಎಲ್ಲಾ ತೋರಿಸುತ್ತೆ ಅಂತ. ಎಷ್ಟು ದೂರ ಹೋದ್ರಿ ಅಂತ ನಿಮ್ಮ ಮಂಡಿಗೇ ಗೊತ್ತಾಗುತ್ತಲ್ರೀ, ಅದಕ್ಕೆ ದುಡ್ಡು ಬೇರೆ ಕೊಡ್ಬೇಕಾ ಅಂದಿದ್ದೆ.”

ಸ್ವಲ್ಪ ನಗಲು ನೋಡಿದರು. ಆಗಲಿಲ್ಲ.

“ಆವತ್ತು ದೇವನಹಳ್ಳೀಲಿ ನನ್ನ ತಂಗಿ ಮಗೂದು ನಾಮಕರಣ. ಒಂದು ಸಲನಾದ್ರೂ ಹೇಳಿದ ಟೈಮಿಗೆ ಬನ್ನಿ ಅಂತ ಬಾಗಿಲಲ್ಲಿ ನಿಂತು ಕೂಗಿದ್ದೆ. ಎಪ್ಪತ್ತೊಂದು ಅಂತ ಪೊಲೀಸರು ಬರೆದ ಮೇಲೆ ನನಗೆ ನಿದ್ದೆ ಇಲ್ಲ ಸಾರ್. ನನ್ನ ಮಾತಿಗೇ ಓಡಿಸಿದ್ರು ಅಂತ.”

ಆಕೆಯ ಬೆರಳು ಗೆರೆಯ ಮೇಲೆ ಸರಿಯಿತು. ಆರು ಗಂಟೆ ಇಪ್ಪತ್ತೆರಡು ನಿಮಿಷ. ವೇಗ ಇಪ್ಪತ್ತಾರು. ಅಲ್ಲಿಂದ ಗೆರೆ ನೇರ ಕೆಳಗೆ ಬಿದ್ದು ಸೊನ್ನೆ. ಸೊನ್ನೆಯ ಮೇಲೇ ನಲವತ್ತೊಂದು ನಿಮಿಷ ಉದ್ದಕ್ಕೆ ಮಲಗಿತ್ತು. ಆಮೇಲೆ ಎದ್ದು ಮೇಲೆ ಹೋಗಿ ಎಪ್ಪತ್ತೊಂದು ಮುಟ್ಟಿ, ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಸೊನ್ನೆ.

“ಎಪ್ಪತ್ತೊಂದು ಆಂಬುಲೆನ್ಸಿಂದು ಸಾರ್. ಫೋನು ಜೇಬಲ್ಲೇ ಇತ್ತು, ಅದು ಎಣಿಸ್ತಾನೇ ಹೋಗಿದೆ.”

ಆಕೆ ಬೆರಳನ್ನು ಮತ್ತೆ ಇಪ್ಪತ್ತಾರರ ಮೇಲೆ ತಂದರು.

“ಅದೇ ಜಾಗದಲ್ಲಿ ಹಿಂದಿನ ಭಾನುವಾರಗಳಲ್ಲಿ ಮೂವತ್ಮೂರು, ಮೂವತ್ತೊಂದು, ಮೂವತ್ನಾಕು. ಆವತ್ತು ಇಪ್ಪತ್ತಾರು. ಆವತ್ತೂ ನನ್ನ ಮಾತು ಕೇಳಿಲ್ಲ ನೋಡಿ. ಆರಾಮಾಗಿ ಹೋಗ್ತಿದ್ರು.”

ಈ ಮಾತನ್ನು ಹೇಳುವಾಗ ಆಕೆಯ ಮುಖದಲ್ಲಿ ಮೂಡಿದ್ದು ಸಮಾಧಾನವೋ ಸಂಕಟವೋ ನನಗೆ ಇವತ್ತಿಗೂ ತಿಳಿಯದು.

“ನಾನು ಬಂದಿದ್ದು ಒಂದೇ ಪ್ರಶ್ನೆಗೆ. ಇಷ್ಟು ಭಾನುವಾರ ಆ ಜಾಗ ದಾಟಿದ್ದಾರೆ. ಆವತ್ತು ಮಾತ್ರ ಅಲ್ಲಿ ಏನಿತ್ತು?”

ಮೇಜಿನ ಮೇಲಿನ ಕಡತದಲ್ಲಿ ನನ್ನ ಸಹಿಯಿದ್ದ ಉತ್ತರ ಇತ್ತು. ದಾಖಲೆಗಳ ಪ್ರಕಾರ ಎಂದು ಶುರು ಮಾಡಿದರೆ ಸಾಕಿತ್ತು. ಬಾಯಿ ತೆರೆಯುವುದಕ್ಕೆ ಮುಂಚೆ ಆಕೆಯೇ ಹಾಳೆ ಮಡಚುತ್ತಾ ಮತ್ತೊಂದು ಮಾತಾಡಿದರು. ಯಾರಿಗೋ ಪಾಠದ ಲೆಕ್ಕ ಹೇಳುವ ಹಾಗೆ.

“ದುಡ್ಡು ಕಟ್ಟಿದ್ರೆ ಅದರಲ್ಲಿ ಇನ್ನೊಂದು ಬರುತ್ತೆ ಸಾರ್. ಅವರು ಎಲ್ಲಿದ್ದಾರೆ ಅಂತ ಮನೇಲಿರೋರ ಫೋನಿಗೆ ತೋರಿಸ್ತಾ ಇರುತ್ತೆ. ತುಂಬ ಹೊತ್ತು ನಿಂತ್ರೆ ಬಡ್ಕೊಳ್ಳುತ್ತೆ. ಕಟ್ಟಿದ ಮೇಲೆ ಗೊತ್ತಾಯ್ತು. ಹಾಲಿನ ವ್ಯಾನಿನವರು ನೋಡಿ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೂ ನಲವತ್ತೊಂದು ನಿಮಿಷ. ನಾನು ಆಗ ಯಾವ ಸೀರೆ ಉಡೋದು ಅಂತ ನೋಡ್ತಾ ಇದ್ದೆ.”

ಒಂದು ತಪ್ಪು ತನ್ನದಲ್ಲ ಎಂದು ತಿಳಿಯಲು ಆಕೆ ಹಣ ಕೊಟ್ಟಿದ್ದರು. ಅದೇ ಹಣಕ್ಕೆ ಇನ್ನೊಂದು ತಪ್ಪು ಸಿಕ್ಕಿತ್ತು. ಅದನ್ನು ಹೊತ್ತುಕೊಂಡು ಎದ್ದು ಹೋಗಲು ತಯಾರಾಗಿ ಚೀಲದ ಜಿಪ್ ಎಳೆಯುತ್ತಿದ್ದರು.

“ಮೇಡಂ, ಕೂತ್ಕೊಳ್ಳಿ” ಎಂದೆ. “ಅಲ್ಲಿ ಹಂಪ್ಸ್ ಇತ್ತು. ಹಿಂದಿನ ಮಂಗಳವಾರ ನಾನೇ ಹಾಕಿಸಿದ್ದು. ಬಣ್ಣ ಬಳಿಸಿರಲಿಲ್ಲ, ಬೋರ್ಡ್ ಹಾಕಿರಲಿಲ್ಲ. ನಾನು ಬಳಿಸಿದ್ರೆ ಆ ನಲವತ್ತೊಂದು ನಿಮಿಷವೇ ಇರ್ತಿರಲಿಲ್ಲ. ಅದು ನಿಮ್ಮ ಲೆಕ್ಕಕ್ಕೆ ಬರಲ್ಲ.”

ಆಕೆ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

“ಬರೆದುಕೊಡ್ತೀರಾ?” ಎಂದು ಕೇಳಿದರು. ಅಷ್ಟೇ.

ಬರೆಯಲು ಎರಡು ದಿನ ಹಿಡಿಯಿತು. ಧೈರ್ಯಕ್ಕೆ ಒಂದೂವರೆ ದಿನ, ಬರವಣಿಗೆಗೆ ಅರ್ಧ. ನನ್ನ ಮೇಲಧಿಕಾರಿ ಓದಿ ಕನ್ನಡಕ ತೆಗೆದರು. “ಏನ್ರೀ ಇದು? ರಿಟೈರಾಗೋಕೆ ಒಂದೂವರೆ ವರ್ಷ ಇದೆ. ಸುಮ್ನೆ ಇರೋಕೆ ಏನ್ ಕಷ್ಟ ನಿಮಗೆ?” ಎಂದರು. ಕೆಟ್ಟ ಮನುಷ್ಯರಲ್ಲ. ಸುಮ್ಮನಿರುವುದು ಕಷ್ಟವಲ್ಲದ ಕಾರಣಕ್ಕೇ ನಾನು ಮೂವತ್ತು ವರ್ಷ ಸರ್ವೀಸು ಮುಗಿಸಿದ್ದು ಎಂದು ಅವರಿಗೆ ಹೇಳಬೇಕೆನಿಸಿತು.

ಹೇಳಿಕೆಗೆ ಸಾಕ್ಷಿ ಬೇಕಿತ್ತು. ಮುನಿರಾಜುವಿನ ಮನೆಗೆ ಹೋದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದವನು ಕೇಳಿ ಹಾಗೇ ಜಗಲಿಯ ಮೇಲೆ ಕೂತ.

“ನಾವು ಕೇಳಿದ್ದು ನಮ್ಮೋರು ಉಳೀಲಿ ಅಂತ ಸಾರ್” ಎಂದ. ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡು, “ಇನ್ನೊಂದ್ ಬಾಂಡ್ಲಿ ಅಂದೋನು ನಾನೇ ಅಲ್ವಾ. ಅದ್ನೂ ಬರ್ಕೊಳ್ಳಿ” ಎಂದು ಸಹಿ ಹಾಕಿದ.

ಈಗ ನಮ್ಮ ಬಡಾವಣೆಯಲ್ಲಿ ಸೈಕಲ್ ಹೊಡೆಯುವ ಒಬ್ಬ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಇಂಥ ಆ್ಯಪಿಗೆ ದುಡ್ಡು ಕೊಡುವುದು ದಂಡವೋ ಲಾಭವೋ ಎಂದು ವಾಕಿಂಗಿನಲ್ಲಿ ಕೇಳಿದರು. ದೂರ, ಸಮಯ ತಿಳಿಯಲು, ನಾಲ್ಕು ಜನರಿಗೆ ತೋರಿಸಲು ಬಿಟ್ಟಿಯದೇ ಧಾರಾಳ ಎಂದೆ. ಒಬ್ಬರೇ ಹೋಗುವುದಾದರೆ ಕಟ್ಟಿ, ಮನೆಯವರ ಫೋನಿಗೆ ಜಾಗ ಕಾಣುವ ಹಾಗೆ ಮಾಡಿಟ್ಟು ಹೋಗಿ ಎಂದೆ. ಅವರು ನನ್ನನ್ನು ತಂತ್ರಜ್ಞಾನ ಬಲ್ಲ ಹಿರಿಯರೆಂದು ಮೆಚ್ಚಿಕೊಂಡರು. ಆ್ಯಪ್ ರಸ್ತೆಯನ್ನು ಸರಿ ಮಾಡುವುದಿಲ್ಲ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ್ದು ರಸ್ತೆಯ ಮೇಲೆ ಇದ್ದೇ ಇರುತ್ತದೆ ಎಂಬ ಒಂದು ಪಾಠವನ್ನು ನೌಕರಿ ನನಗೆ ಕಲಿಸಿತು. ಅದರ ಶುಲ್ಕವನ್ನು ಕಟ್ಟಿದವರು ಮಾತ್ರ ಬೇರೆಯವರು.

ಇಲಾಖಾ ವಿಚಾರಣೆ ನಡೆದು ನನ್ನ ಒಂದು ವರ್ಷದ ವೇತನ ಬಡ್ತಿಯನ್ನು ತಡೆಹಿಡಿದರು. ಹಂಪ್ಸ್ ಕಿತ್ತು, ಅಳತೆ ಪ್ರಕಾರ ಹೊಸದು ಹಾಕಿದರು. ಪೊಲೀಸರ ಅಂತಿಮ ವರದಿಯಲ್ಲಿ ಕಾರಣ ‘ಬಣ್ಣ ಹಾಗೂ ಸೂಚನಾ ಫಲಕ ಇಲ್ಲದ ರಸ್ತೆ ಉಬ್ಬು’ ಎಂದೂ, ಮೃತರ ವೇಗ ಗಂಟೆಗೆ ಇಪ್ಪತ್ತಾರು ಕಿಲೋಮೀಟರ್ ಎಂದೂ ಇದೆ.