ಚೌಕಟ್ಟಿನ ಮೇಲಿನ ಗೆರೆ

ಮಗರಪಟ್ಟಾದಲ್ಲಿರುವ ಅಕ್ಕನ ಫ್ಲ್ಯಾಟಿಗೆ ಕಳೆದ ಭಾನುವಾರ ಹೋದಾಗ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಬಣ್ಣದ ಹಾಳೆ ಕಂಡಿತು. ಮಕ್ಕಳ ಶಾಲೆಯವರು ಕಳಿಸಿದ್ದು. ಯಾವ ವಯಸ್ಸಿಗೆ ಅಡುಗೆಮನೆಯಲ್ಲಿ ಯಾವ ಕೆಲಸ ಎಂಬ ಪಟ್ಟಿ: ಮೂರಕ್ಕೆ ತರಕಾರಿ ತೊಳೆಯುವುದು, ಆರಕ್ಕೆ ಬಟಾಣಿ ಸುಲಿಯುವುದು, ಹತ್ತಕ್ಕೆ ದೊಡ್ಡವರ ಜೊತೆ ಒಲೆಯ ಹತ್ತಿರ. ಪ್ರತಿ ಸಾಲಿನ ಪಕ್ಕದಲ್ಲೂ ಟೋಪಿ ಹಾಕಿಕೊಂಡು ನಗುವ ಒಂದು ಮಗು. ಇವೆಲ್ಲ ಯಾವ ಸುಖಕ್ಕೆ ನಗುತ್ತಿವೆ ಎಂದು ಕೇಳುವ ಚಟ ನನ್ನದು. ಕೇಳಿಯೂ ಬಿಡುತ್ತಿದ್ದೆ. ಅಷ್ಟರಲ್ಲಿ ಬಿಸಿನೀರಿಗೆ ಜೋಳದ ಹಿಟ್ಟು ಬಿದ್ದ ವಾಸನೆ ಬಂತು. 

ನಮ್ಮ ಮನೆಯಲ್ಲೂ ಇಂಥದೊಂದು ಪಟ್ಟಿ ಇತ್ತು, ನೋಡಿ. ಚಿತ್ರಗಳಿರಲಿಲ್ಲ, ಅಷ್ಟೆ. ಮರಾಠಿ ನೆಲದ ದೇಹೂ ರೋಡಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತ. ಅವ್ವ ವಿಜಯಪುರದ ಕಡೆಯವಳು. ರೊಟ್ಟಿಯಿಲ್ಲದ ಊಟವನ್ನು ಊಟವೆಂದು ಒಪ್ಪದವಳು. ಸಂಜೆ ಆರಕ್ಕೆ ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಕೂತಳೆಂದರೆ ಅಡುಗೆಮನೆ ಮಕ್ಕಳ ರಾಜ್ಯ. ಏಳು ವರ್ಷದ ತಂಗಿ ರೊಟ್ಟಿಯ ಮೇಲೆ ಎಳ್ಳು ಉದುರಿಸುತ್ತಿದ್ದಳು. ಹನ್ನೊಂದರ ನಾನು ನೆಲದ ಮೇಲೆ ಕೂತು ಹಿಟ್ಟು ಸಾಣಿಸುತ್ತಿದ್ದೆ. ಹದಿನೈದರ ಅಕ್ಕ ಉಳಿದದ್ದನ್ನು ಮಾಡುತ್ತಿದ್ದಳು. ಉಳಿದದ್ದು ಅಂದರೆ ನಾದುವುದು, ಬಡಿಯುವುದು, ಬೇಯಿಸುವುದು, ನಮ್ಮಿಬ್ಬರ ಜಗಳ ಬಿಡಿಸುವುದು.

ಬಡ್ತಿಗೆ ಅವ್ವನ ಲೆಕ್ಕ ವಯಸ್ಸಲ್ಲ, ಗೆರೆ. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲಿನಿಂದ ಎಳೆದ ಒಂದು ಗೆರೆ. ತಲೆ ಅದಕ್ಕೆ ತಾಗಿದ ದಿನದಿಂದ ರೊಟ್ಟಿಯ ಹಂಚು ನಿಮ್ಮದು. ಅಕ್ಕ ಹನ್ನೊಂದಕ್ಕೆ ತಾಗಿಸಿದ್ದಳು. ಆಮೇಲೆ ಮನೆಯ ಮಾಲೀಕರು ಒಲೆ ಇಟ್ಟ ಹಳೆಯ ಕಟ್ಟೆಯ ಮೇಲೆಯೇ ಹೊಸ ಕಲ್ಲು ಕೂರಿಸಿ ಅದನ್ನು ನಾಲ್ಕು ಬೆರಳು ಎತ್ತರಿಸಿದರು. ಈ ನಾಲ್ಕು ಬೆರಳನ್ನು ನೆನಪಿಡಿ.

ಆ ವರ್ಷ ಅಕ್ಕ ಹತ್ತನೆಯ ತರಗತಿ. ಅವಳ ಶಾಲೆಯ ಸರ್ ಒಬ್ಬರು ಗಣಿತಕ್ಕೆ ವಾರದಲ್ಲಿ ಎರಡು ಸಂಜೆ ಪಾಠ ಹೇಳುತ್ತಿದ್ದರು, ಆರು ಗಂಟೆಗೆ. ರೊಟ್ಟಿಯ ಹೊತ್ತೂ ಆರು ಗಂಟೆ.

"ಮಂಗಳವಾರ, ಗುರುವಾರ ಎರಡ ದಿನಾ ಇವಾ ಬಡೀಲಿ ಅವ್ವಾ," ಅಂದಳು ಅಕ್ಕ. "ಗೆರಿ ಮುಟ್ಯಾನಲ್ಲ."

"ಬಾರೋ, ಇಲ್ಲೆ ನಿಂದರು," ಎಂದು ಅವ್ವ ನನ್ನನ್ನು ಚೌಕಟ್ಟಿಗೆ ಒರಗಿಸಿದಳು. ತಲೆ ಗೆರೆಯನ್ನು ತಾಗಿತ್ತು. ಅರ್ಧ ಬೆರಳು ದಾಟಿಯೂ ಇತ್ತು.

ಆಗ ನನ್ನ ಬದುಕಿನ ಮೊದಲ ವಾದ ಹುಟ್ಟಿತು. "ಗೆರಿ ಎಳದಾಗ ಕಟ್ಟಿ ಎಷ್ಟ ಎತ್ತರ ಇತ್ತವ್ವಾ? ಈಗ ಎಷ್ಟ ಅದ? ಕಟ್ಟಿ ಏರಿದ ಮ್ಯಾಲೆ ಗೆರಿನೂ ಏರಬೇಕಲ್ಲ? ನಾ ಕೈ ಸುಟ್ಟಕೊಂಡ್ರ ಜವಾಬ್ದಾರಿ ಯಾರದು?"

ಅವ್ವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. "ಕೇಳಿದ್ರೇನ್ರಿ? ವಕೀಲ ಹುಟ್ಯಾನ ನಮ್ಮ ಮನ್ಯಾಗ!" ಅಪ್ಪ ಎದ್ದು ಬಂದು ಬೆರಳಿನಿಂದ ಕಲ್ಲನ್ನು ಅಳೆದು, "ಅವನ ಮಾತು ಬರೋಬ್ಬರಿ ಅದ," ಎಂದು ತೀರ್ಪು ಕೊಟ್ಟರು. ಹೊಸ ಗೆರೆ ನಾಲ್ಕು ಬೆರಳು ಮೇಲಕ್ಕೆ ಹೋಯಿತು. ಅಕ್ಕ ಹೋಗಿ ಕಟ್ಟೆಯ ಮುಂದಿನ ಊಟದ ಮಣೆ ಹತ್ತಿ ನಿಂತು ಕೈ ಒದ್ದೆ ಮಾಡಿಕೊಂಡಳು.

ಹೌದು, ಮಣೆ. ಅಕ್ಕ ಗಿಡ್ಡಿ. ಕಟ್ಟೆ ಏರಿದ ದಿನದಿಂದ ಅವಳು ಮಣೆಯ ಮೇಲೆ ನಿಂತೇ ರೊಟ್ಟಿ ಬಡಿಯುತ್ತಿದ್ದಳು. ಅವಳಿಗಾಗಿ ಯಾರೂ ಗೆರೆ ಅಳಿಸಿರಲಿಲ್ಲ. ನನ್ನ ವಾದವನ್ನು ಮುರಿಯುವ ಸಾಕ್ಷ್ಯ ಅವಳ ಕಾಲಡಿಯಲ್ಲೇ ಇತ್ತು. ಎದುರು ಪಕ್ಷದ ಕೈಗೆ ಹಿಟ್ಟು ಮೆತ್ತಿತ್ತು, ಮಂಡಿಸಲಾಗಲಿಲ್ಲ. ಆ ಮಣೆ ನನ್ನ ಗಮನಕ್ಕೆ ಬಂದದ್ದು ಬಹಳ ವರ್ಷಗಳ ಮೇಲೆ.

ಅದೇ ಚಳಿಗಾಲ ನಾನು ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಮೊದಲ ಕಪ್ ಗೆದ್ದೆ. ವಿಷಯ: ಮನೆಗೆಲಸ ಎಲ್ಲರದು. ನಾನು ಪರ. ತಾಲೀಮು ನಡೆದದ್ದು ಅಡುಗೆಮನೆಯಲ್ಲಿ, ಗಡಿಯಾರ ಅಕ್ಕನದು. ಎರಡನೆಯ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಪೀಠಿಕೆ ಮುಗಿಯಬೇಕು, ನಾಲ್ಕನೆಯದಕ್ಕೆ ಸಮಾರೋಪ. ತಡವಾದರೆ ಅವಳು ಚಮಚೆಯಿಂದ ಡಬ್ಬಿ ಬಡಿಯುತ್ತಿದ್ದಳು. "ಸಮಾನತೆ" ಎಂಬಲ್ಲಿ ದನಿ ಏರಿಸು ಎಂದು ಹೇಳಿಕೊಟ್ಟವಳೂ ಅವಳೇ.

ನನ್ನನ್ನು ಮತ್ತೆ ಯಾರೂ ಅಳೆಯಲಿಲ್ಲ; ಎರಡು ವರ್ಷದ ನಂತರ ಹಂಚಿಗೆ ತಂಗಿಯ ಪಾಳಿ ಬಂತು. ಅವಳ ತಲೆ ಹಳೆಯ ಗೆರೆಗೂ ಎಟುಕುತ್ತಿರಲಿಲ್ಲ. ಕಟ್ಟೆಯ ಎತ್ತರದ ವಾದ ಅವಳಿಗೆ ನನಗಿಂತ ಚೆನ್ನಾಗಿ ಹೊಂದುತ್ತಿತ್ತು. ವಕೀಲರು ಮಾತ್ರ ಹಾಜರಾಗಲಿಲ್ಲ. ತರ್ಕದಿಂದ ಗೆದ್ದೆ ಎಂದು ಕಾಲೇಜು ಮುಗಿಯುವವರೆಗೂ ನಂಬಿದ್ದೆ. ಅದೇ ಮಾತನ್ನು ಅಕ್ಕ ಆಡಿದ್ದರೆ "ಎದುರು ಮಾತಾಡ್ತೀಯೇನ?" ಎಂದು ಬೆನ್ನಿಗೊಂದು ಬೀಳುತ್ತಿತ್ತು. ನ್ಯಾಯಾಧೀಶರು ಮೊದಲೇ ನನ್ನವರಾಗಿದ್ದರು.

ಅಕ್ಕ ಗಣಿತದಲ್ಲಿ ಪಾಸಾದಳು, ಅವಳಿಗೆ ಬೇಕಿದ್ದ ಡಿಪ್ಲೊಮಾಕ್ಕೆ ಅಂಕ ಸಾಲಲಿಲ್ಲ. ಆ ಪಾಠಕ್ಕೆ ಹೋಗಿದ್ದರೂ ಅಂಕ ಬರುತ್ತಿತ್ತೆಂದು ಯಾರು ಹೇಳಬಲ್ಲರು? ಕಾರಣ ಬೇರೆ, ಕಾಕತಾಳೀಯ ಬೇರೆ. ಈ ಅಂಶವನ್ನು ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡೇ ತಿರುಗಿದ್ದೇನೆ. ಇವತ್ತಿನವರೆಗೆ ಯಾರೂ ಕೇಳಿಲ್ಲ.

ಭಾನುವಾರಕ್ಕೆ ಬರೋಣ. ಅಕ್ಕನ ಮಗಳು ಸಾನ್ವಿ, ಹನ್ನೊಂದು, ರೊಟ್ಟಿ ಬಡಿಯುತ್ತ ಗಡಿಯಾರ ನೋಡುತ್ತಿದ್ದಳು. ಆರಕ್ಕೆ ನಾಟಕದ ತಾಲೀಮು. ಅಕ್ಕ ಮಗನನ್ನು ಕರೆದಳು. "ನೀಲ್, ಕೈ ತೊಳಕೊಂಡ ಬಾ. ದೀದಿ ಹೋಗಬೇಕು."

ಒಂಬತ್ತರ ನೀಲ್ ಮೊಬೈಲಿನಿಂದ ತಲೆ ಎತ್ತದೆ ಫ್ರಿಜ್ಜಿನತ್ತ ಬೆರಳು ಮಾಡಿದ. "ಆಯೀ, ಚಾರ್ಟ್ ನೋಡು. ಒಲಿ ಹತ್ರ ಹತ್ತ ವರ್ಷಕ್ಕ. ನಂದು ನೌ, ಒಂಬತ್ತ. ರೂಲ್ ಅಂದ್ರ ರೂಲ್." ನನ್ನ ಕಡೆ ತಿರುಗಿದ. "ಮಾಮಾ, ನೀವು ಡಿಬೇಟ್ ಚಾಂಪಿಯನ್ ಅಲ್ಲಾ? ನೀವ ಹೇಳ್ರಿ, ನನ್ನ ಪಾಯಿಂಟ್ ಕರೆಕ್ಟ್ ಅದನೋ ಇಲ್ಲೋ?"

ಸಾನ್ವಿಯ ಕೈ ನಿಂತಿತು. ಅಕ್ಕನ ಕೈ ನಿಲ್ಲಲಿಲ್ಲ.

"ಬಡಿಯೂದು ಒಲಿ ಮ್ಯಾಲೇನು? ಕಟ್ಟಿ ಮ್ಯಾಲೆ," ಅಂದೆ. "ಇನ್ನೊಂದು. ದೀದಿ ಒಂಬತ್ತಿದ್ದಾಗ ಬಡೀತಿದ್ಲೋ ಇಲ್ಲೋ? ಆವಾಗ ನಿನ್ನ ರೂಲ್ ಎಲ್ಲಿತ್ತಪಾ?"

ನೀಲ್ ಮುಖ ಊದಿಸಿಕೊಂಡು ನಲ್ಲಿಯ ಕಡೆ ನಡೆದ. ಸಾನ್ವಿ ಕೈ ಒರೆಸಿಕೊಂಡು ಓಡಿದಳು. ಎಲ್ಲ ಸೇರಿ ಅರ್ಧ ನಿಮಿಷ. ಅಭ್ಯಾಸಬಲದಿಂದ ನಾನು ಚಪ್ಪಾಳೆಗೆ ಕಾಯುತ್ತಿದ್ದೆ ಎಂದರೆ ನಗಬೇಡಿ.

ಅಕ್ಕ ಹಂಚಿನಿಂದ ಕಣ್ಣು ತೆಗೆಯಲಿಲ್ಲ. "ಇಷ್ಟ ಸಣ್ಣ ಪಾಯಿಂಟು. ಆವಾಗ ಹೊಳೀಲಿಲ್ಲೇನು ನಿನಗ?"

ಮಣೆ ಬಹಳ ವರ್ಷಗಳ ಮೇಲೆ ಗಮನಕ್ಕೆ ಬಂತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ನೆಲದ ಮೇಲೆ ಕೂತು ಹಿಟ್ಟು ಸಾಣಿಸುವವನ ಕಣ್ಣಿಗೆ ಆ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕಾಣುತ್ತಿದ್ದದ್ದು ಮಣೆ, ಅದರ ಮೇಲೆ ಅಕ್ಕನ ಎರಡು ಹಿಮ್ಮಡಿ.

"ಹೊಳದಿತ್ತು," ಅಂದೆ.

"ಗೊತ್ತದ," ಅಂದಳು ಅಕ್ಕ.

ರೊಟ್ಟಿ ಉಬ್ಬಿತು, ಇಳಿಯಿತು. ನೀಲ್ ಒದ್ದೆ ಕೈಯಲ್ಲಿ ಬಂದು ನಿಂತಿದ್ದ. "ನಾನೂ ಬಡೀಲೇನು?" ಎಂದು ನಾನು ಅಕ್ಕನನ್ನು ಕೇಳಿದೆ.

"ಬ್ಯಾಡ. ಅವಾ ಕಲೀಲಿ." ಅವಳು ಹಿಟ್ಟಿನ ಡಬ್ಬಿಯನ್ನೂ ಜರಡಿಯನ್ನೂ ನನ್ನ ಕಡೆ ಸರಿಸಿದಳು. "ನೀ ಸಾಣಸು."

ನೆಲದ ಮೇಲೆ ಕೂತೆ.