ಜೋಡಿ ಬಂದವನ ಬೇನೆ

ಬೆಲ್ಲದ ಬಾಗೇವಾಡಿಯಲ್ಲಿ ಯಾರಿಗೆ ಏನೇ ಆಗಲಿ, ಅದು ಡಾಕ್ಟರಿಗೆ ತಿಳಿಯುವ ಮೊದಲು ಯಲ್ಲಾರಿಗೆ ತಿಳಿದಿರುತ್ತದೆ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಊರವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅವನ ಚಟ. ಅದಕ್ಕೆಂದೇ ಒಂದು ಹಳೆಯ ಓಮ್ನಿ ಇಟ್ಟಿದ್ದಾನೆ. ಅದರ ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಹೀಗಾಗಿ ಒಮ್ಮೆ ಹತ್ತಿ ಕುಳಿತ ರೋಗಿ ನಡುದಾರಿಯಲ್ಲಿ ಮನಸ್ಸು ಬದಲಿಸುವಂತಿಲ್ಲ. ಊರಲ್ಲಿ ಯಲ್ಲಾರಿ ಎಂಬ ಹೆಸರಿನವರು ನಾಲ್ವರಿರುವುದರಿಂದ ಇವನನ್ನು ಎಲ್ಲರೂ ದವಾಖಾನಿ ಯಲ್ಲಾರಿ ಎನ್ನುತ್ತಾರೆ.

ನಾನು ನಸೀಮಾಬಿ, ಅವನ ಪಕ್ಕದ ಮನೆಯವಳು. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ, ಆದರೆ ತಪ್ಪು ತಿದ್ದುವ ಕೈ ಇನ್ನೂ ಸುಮ್ಮನಾಗಿಲ್ಲ. ಆದ್ದರಿಂದ ಬರೆಯುವಾಗ ಯಲ್ಲಾರಿಯ ಕಿವಿಯನ್ನು ಒಂದಿಷ್ಟು ಹಿಂಡಿದರೆ ಯಾರೂ ಬೇಸರ ಪಡಬಾರದು. ಊರನ್ನೆಲ್ಲ ಡಾಕ್ಟರ ಮುಂದೆ ಕೂರಿಸಿದ ಈ ಮನುಷ್ಯ ತಾನು ಮಾತ್ರ ಎಂದೂ ಕೂರಲಿಲ್ಲ. ಅದೊಂದೇ ಕಾರಣಕ್ಕೆ ಹೋದ ವರ್ಷ ನಾವು ಅವನನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಇದೇನೂ ಗುಟ್ಟಲ್ಲ. ಚೇತರಿಸಿಕೊಂಡ ಮೇಲೆ ಅವನೇ ಚಹಾದಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಹೇಳಿದ್ದಾನೆ. ಬರೆಯಲೇನು ಎಂದು ನಾನು ಕೇಳಿದರೆ, “ಬರೀರಿ ಅಕ್ಕಾರ, ಖರೆ ನನ್ನ ಹೆಸರ ಒಂದೀಟ ದೊಡ್ಡದಾಗಿ ಹಾಕ್ರಿ” ಎಂದ.

ನಮ್ಮ ಕಡೆ ದವಾಖಾನೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಜ್ವರ ಒಬ್ಬರಿಗೆ ಬಂದರೆ ಜೋಡಿ, ಅಂದರೆ ಜೊತೆಗೆ, ಮೂವರು ಹೊರಡುತ್ತಾರೆ. ಏನಾಗುತ್ತಿದೆ ಎಂದು ಡಾಕ್ಟರು ಕೇಳಿದರೆ ಆ ಮೂವರೂ ಒಟ್ಟಿಗೆ ಉತ್ತರ ಕೊಡುತ್ತಾರೆ. ರೋಗಿ ಬಾಯಿ ತೆರೆಯುವುದು ನಾಲಿಗೆ ತೋರಿಸಲು ಮಾತ್ರ. ಹೀಗೆ ಜೋಡಿ ಹೋಗಿ ಇನ್ನೊಬ್ಬರ ಬೇನೆ ಹೇಳುವುದರಲ್ಲಿ ಯಲ್ಲಾರಿಯನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಇಲ್ಲ. ಎಲ್ಲಿ ನೋವು, ಯಾವಾಗಿನಿಂದ ನೋವು, ಮೊದಲು ಯಾರು ಏನು ಗುಳಿಗೆ ಕೊಟ್ಟಿದ್ದರು ಎಂಬುದನ್ನೆಲ್ಲ ಅವನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದ.

ಗೋಕಾಕದ ಡಾಕ್ಟರ್ ಪದ್ಮಶ್ರೀ ಮನೋವೈದ್ಯೆ. ಹಾಗಂತ ಕರೆಯಲು ನಮ್ಮವರಿಗೆ ನಾಚಿಕೆ, ಅದಕ್ಕೆ ಎಲ್ಲರ ಬಾಯಲ್ಲೂ ಅವರು ‘ನಿದ್ದಿ ಡಾಕ್ಟರ್’. ಜನರಿಗೆ ಓಡಾಟ ತಪ್ಪಲಿ ಎಂದು ಆಕೆ ಸೋಮವಾರ, ಗುರುವಾರ ಗೋಕಾಕದಲ್ಲಿ, ಮಂಗಳವಾರ ಮೂಡಲಗಿಯಲ್ಲಿ, ಶುಕ್ರವಾರ ಹುಕ್ಕೇರಿಯಲ್ಲಿ ಕೂರುತ್ತಾರೆ. ಆದರೆ ಗುರುತಿನವರ ಕಣ್ಣಿಗೆ ಬೀಳಬಾರದಲ್ಲ! ನಮ್ಮ ಹುಕ್ಕೇರಿ ಕಡೆಯವರು ಗೋಕಾಕಕ್ಕೆ ಹೋಗುತ್ತಾರೆ, ಗೋಕಾಕದವರು ಮೂಡಲಗಿಗೆ, ಮೂಡಲಗಿಯವರು ಹುಕ್ಕೇರಿಗೆ. ಎಲ್ಲರೂ ಇದೇ ಜಾಣತನ ಮಾಡಿದ್ದರಿಂದ ಗೋಕಾಕದ ಕಾಯುವ ಕೋಣೆಯಲ್ಲಿ ನಮ್ಮೂರಿನವರೇ ಏಳೆಂಟು ಜನ ಕುಳಿತು, ಒಬ್ಬರನ್ನೊಬ್ಬರು ಕಂಡೇ ಇಲ್ಲ ಎಂಬಂತೆ ಗೋಡೆಯ ಕ್ಯಾಲೆಂಡರ್ ಓದುತ್ತಿರುತ್ತಾರೆ.

ಅಲ್ಲಿಗೆ ಯಲ್ಲಾರಿ ಬಡಿಗ ದುರ್ಗಪ್ಪನನ್ನು ಕರೆದೊಯ್ದಿದ್ದ. ದುರ್ಗಪ್ಪನಿಗೆ ಕೈ ತೊಳೆಯುವ ಗೀಳು, ಇಡೀ ದಿನ ನಳದ ಬುಡದಲ್ಲೇ ಇರುತ್ತಿದ್ದ. ತಿರುಗಿ ಬಂದವನು ನನ್ನ ಹತ್ತಿರ ದೂರು ಹೇಳಿದ: “ನೋಡ್ರಿ ಅಕ್ಕಾರ, ನಾ ಹೋಗಿದ್ದು ಕೈ ತೊಳ್ಯೂದ ನಿಂದ್ರವಲ್ದು ಅಂತ. ಇಂವಾ ಡಾಕ್ಟರ್ ಮುಂದ ಹೇಳಿದ್ದು, ನನಗ ನಿದ್ದಿ ಬರೂದಿಲ್ಲ, ರೊಟ್ಟಿ ಸೇರೂದಿಲ್ಲ ಅಂತ!” ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಿದ್ದೆಯಿಲ್ಲದ, ರೊಟ್ಟಿ ಸೇರದ ಮನುಷ್ಯ ಯಾರು ಎಂದು ನಮಗೆ ಹೊಳೆಯಲಿಲ್ಲ. ಯಲ್ಲಾರಿ ಊರವರ ಹೆಸರಿನಲ್ಲಿ ತನ್ನ ಬೇನೆಯನ್ನೇ ಹೇಳಿಕೊಳ್ಳುತ್ತಿದ್ದ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಆಮೇಲೆ ನನ್ನ ಸರದಿ ಬಂತು. ನಿವೃತ್ತಿಯಾದ ವರ್ಷದಿಂದ ಸಂಜೆಯ ನಮಾಜಿನ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈಕಾಲು ತಣ್ಣಗಾಗಿ, ಬೆವರು ಕಿತ್ತು ಬಂದು, ಇದೇ ನನ್ನ ಕೊನೆ ಎನಿಸುತ್ತಿತ್ತು. ಮೂರು ಸಲ ಇಸಿಜಿ ತೆಗೆಸಿದೆ, ಮೂರೂ ಸಲ ಹೃದಯ ಚೆನ್ನಾಗಿದೆ ಎಂದರು. ಚೆನ್ನಾಗಿದೆ ಎಂದಷ್ಟೂ ನನ್ನ ಹೆದರಿಕೆ ಹೆಚ್ಚಿತು. ಕೊನೆಗೆ ನಿದ್ದಿ ಡಾಕ್ಟರಿಗೆ ತೋರಿಸುವುದೆಂದಾಯಿತು. ಹುಕ್ಕೇರಿಗೆ ಹೋದರೆ ನನ್ನ ಶಿಷ್ಯರ ಕಾಟ, ಮೂಡಲಗಿಯಲ್ಲಿ ಮಗಳು ಗುಲ್ನಾಜಳ ಅತ್ತೆಮನೆ. ಜಾಣರ ಸಾಲಿನಲ್ಲಿ ನಾನೂ ಸೇರಿ ಗೋಕಾಕದ ಓಮ್ನಿ ಹತ್ತಿದೆ.

ಡಾಕ್ಟರ್ ಪದ್ಮಶ್ರೀ ಅವರದು ಒಂದು ಪದ್ಧತಿ. ಕೇಸ್ ಪೇಪರಿನ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತಾರೆ. ಜೋಡಿ ಬಂದವರು ಹೇಳಿದ್ದನ್ನು ಗೆರೆಯ ಎಡಕ್ಕೆ ಬರೆಯುತ್ತಾರೆ. ಆಮೇಲೆ ಅವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ರೋಗಿ ತಾನೇ ಹೇಳಿದ್ದನ್ನು ಬಲಕ್ಕೆ ಬರೆಯುತ್ತಾರೆ. ಹೊರಗೆ ಹೋಗಿ ಎಂದರೆ ನಮ್ಮವರಿಗೆ ಆಸ್ತಿಯಲ್ಲಿ ಪಾಲು ತಪ್ಪಿಸಿದಷ್ಟು ಸಿಟ್ಟು ಬರುತ್ತದೆ, ಆದರೆ ಆಕೆ ಜಗ್ಗುವುದಿಲ್ಲ.

“ಏನ ತ್ರಾಸ ಐತ್ರಿ?” ಎಂದು ಡಾಕ್ಟರು ನನ್ನನ್ನು ನೋಡಿ ಕೇಳಿದರು.

ಯಲ್ಲಾರಿ ಶುರು ಮಾಡಿದ. “ನಿದ್ದಿ ಇಲ್ರಿ ಮೇಡಂ. ನಸಿಕಿನ ಮೂರಕ್ಕ ಎಚ್ಚರ ಆಗತೈತಿ, ಆಮ್ಯಾಲ ಕಣ್ಣ ಮುಚ್ಚಂಗಿಲ್ಲ. ರೊಟ್ಟಿ ಬಾಯಾಗ ಇಟ್ರ ಮಣ್ಣ ತಿಂದಂಗ. ಕೆಲಸಕ್ಕ ಕೈ ಏಳಂಗಿಲ್ಲ. ಮಂದಿ ಮುಂದ ನಕ್ಕೋತ ಇರ್ತಾರ, ಒಳಗ ಏನೂ ಉಳದಿಲ್ಲ.”

ನಾನು ಬಿಟ್ಟ ಬಾಯಿ ಬಿಟ್ಟಂತೆ ಕುಳಿತೆ. ನನ್ನ ಗೊರಕೆ ಇವನ ಮನೆಯವರೆಗೆ ಕೇಳುತ್ತದೆ ಎಂದು ಓಣಿಯಲ್ಲಿ ಡಂಗುರ ಹೊಡೆದವನೇ ಇವನು. ಊಟದ ಮಾತಂತೂ ನನ್ನ ಮೈ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಅಷ್ಟರಲ್ಲಿ ಅವನು ದನಿ ತಗ್ಗಿಸಿ ಹೇಳಿದ: “ಅವರಿಗೆ ಬದುಕೂದ ಸಾಕಾಗೈತ್ರಿ.”

“ಯಾರಿಗೋ ಸಾಕಾಗಿದ್ದು?” ಎಂದು ನಾನು ತರಗತಿಯಲ್ಲಿ ಗದರಿಸುವ ದನಿಯಲ್ಲೇ ಎದ್ದು ನಿಂತೆ. “ನಾ ಎಲ್ಲಿ ಸಾಯ್ತೇನೋ ಅಂತ ಹೆದರಿ ಬಂದಾಕಿ! ಇನ್ನೂ ಇಪ್ಪತ್ತ ವರ್ಷ ಇರೂದೈತಿ ನಾ!”

ಡಾಕ್ಟರ ಪೆನ್ನು ನಿಂತಿತು. ಆಕೆ ನಗಲಿಲ್ಲ. ನನ್ನನ್ನು ನೋಡಲಿಲ್ಲ, ಯಲ್ಲಾರಿಯನ್ನು ಒಂದು ಗಳಿಗೆ ನೋಡಿ, “ನೀವು ಹೊರಗ ಕುಂಡ್ರಿ, ಎಲ್ಲೂ ಹೋಗಬ್ಯಾಡ್ರಿ” ಎಂದರು.

ಆಮೇಲೆ ಇಪ್ಪತ್ತು ನಿಮಿಷ ನನ್ನ ಮಾತು ಕೇಳಿದರು. ನನ್ನ ಬೇನೆಯ ಹೆಸರು ಹೆದರಿಕೆ, ಹೃದಯದ ತಪ್ಪೇನೂ ಇಲ್ಲ. “ಸಾಲಿ ಬಿಟ್ಟ ಮ್ಯಾಲೂ ಯಾರೋ ಗಂಟಿ ಬಾರಿಸಿದಂಗ ಐತ್ರಿ ಇದು. ಗಂಟಿ ಖರೆ, ಸಾಲಿ ಇಲ್ಲ. ಹದಿನೈದ ನಿಮಿಷಕ್ಕ ತಾನ ಇಳೀತೈತಿ, ಓಡಿ ಹೋಗಬ್ಯಾಡ್ರಿ” ಎಂದು, ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿ, ಒಂದು ಗುಳಿಗೆ ಬರೆದರು. ಕೊನೆಗೆ ಕೇಳಿದರು: “ಇವರು ಎಲ್ಲಾರನೂ ಕರಕೊಂಡ ಬರ್ತಾರ. ಇವರನ್ನ ಯಾರು ಕರಕೊಂಡ ಬರ್ತಾರ್ರಿ?”

ಅವನನ್ನು ಒಳಗೆ ಕಳಿಸಿ ಎಂದೂ ಹೇಳಿದರು. ಹೊರಗೆ ಹೋಗಿ, “ಒಳಗ ಕರ್ಯಾಕತ್ತಾರ” ಎಂದು ಯಲ್ಲಾರಿಗೆ ಹೇಳಿದೆ. ಗುಳಿಗೆ ತಿಳಿಸಿ ಹೇಳಲು ಕರೆದಿರಬೇಕೆಂದು ಅವನು ಉತ್ಸಾಹದಿಂದಲೇ ಹೋದ. ಒಳಗೆ ನಡೆದದ್ದನ್ನು ಆಮೇಲೆ ಅವನೇ ಎಷ್ಟು ಸಲ ಹೇಳಿದ್ದಾನೆಂದರೆ ನನಗೆ ಬಾಯಿಪಾಠವಾಗಿದೆ.

ಡಾಕ್ಟರು ರೋಗಿಯ ಖುರ್ಚಿ ತೋರಿಸಿದರು. “ನಾ ಜೋಡಿ ಬಂದಾಂವ್ರಿ” ಎಂದು ಇವನು ಪಕ್ಕದ ಸ್ಟೂಲಿನ ಮೇಲೆ ಕುಳಿತ.

“ಆಗಲಿ. ಐದ ಮಂದಿ ಜೋಡಿ ಬಂದೀರಿ. ಅವರ ಬ್ಯಾನಿ ಬ್ಯಾರೆ ಬ್ಯಾರೆ. ನೀವು ಹೇಳಿದ್ದು ಮಾತ್ರ ಐದೂ ಸಲ ಒಂದ. ಅದು ಯಾರದ್ರಿ?”

ಯಲ್ಲಾರಿ ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ. “ನಮ್ಮೂರಾಗ ಒಬ್ಬ ಅದಾನ್ರಿ” ಎಂದ.

“ಏನ ಕಸುಬ ಮಾಡ್ತಾನ?”

“ಮೋಟರ್ ಸುತ್ತತಾನ್ರಿ.” ಹೇಳಿದ ಮೇಲೆ ಗಾಬರಿಯಾಗಿ, “ನಮ್ಮೂರಾಗ ಮೋಟರ್ ಸುತ್ತಾವರು ಭಾಳ ಮಂದಿ ಅದಾರ್ರಿ” ಎಂದು ಸೇರಿಸಿದ. ಬಾಗೇವಾಡಿಯಲ್ಲಿ ಆ ಕಸುಬಿನವನು ಇವನೊಬ್ಬನೇ.

ಡಾಕ್ಟರು ಅದನ್ನು ಕೆದಕಲಿಲ್ಲ. “ಅವನ ಬಗ್ಗೆ ಹೇಳ್ರಿ” ಎಂದರು. ಅವನು ಹೇಳಿದ. ಎಂಟು ತಿಂಗಳಿನಿಂದ ಆ ಮನುಷ್ಯ ಒಂದೂ ಮೋಟರ್ ನೆಟ್ಟಗೆ ಮುಗಿಸಿಲ್ಲ. ಊರವರ ಕೆಲಸಕ್ಕೆ ಓಡಾಡುವಾಗ ಮಾತ್ರ ಒಂದಿಷ್ಟು ಉಸಿರು ಬರುತ್ತದೆ, ಮನೆಗೆ ಬಂದರೆ ಮತ್ತೆ ಅದೇ. ನಾಲ್ಕು ಜನರನ್ನು ಕರೆದುಕೊಂಡು ಬರುವವನು ತಾನೇ ಬಿದ್ದರೆ ಜನ ಏನಂದಾರು ಎಂದು ಬಾಯಿ ಬಿಡುವುದಿಲ್ಲ.

“ಅವಗ ಸಾಯೂ ವಿಚಾರ ಬರತೈತೇನ್ರಿ?” ಡಾಕ್ಟರು ಸುತ್ತಿ ಬಳಸದೆ, ಊಟವಾಯಿತೇ ಎಂದು ಕೇಳುವಷ್ಟು ಸಾದಾ ದನಿಯಲ್ಲಿ ಕೇಳಿದರಂತೆ.

“ಬರತೈತ್ರಿ.”

“ಅವಗ ಬದುಕಬೇಕು ಅಂತ ಐತೋ ಇಲ್ಲೋ?”

“ಅವನ್ನ ಕೇಳಿ ಹೇಳ್ತೇನ್ರಿ” ಎಂದ ಯಲ್ಲಾರಿ.

“ಕೇಳ್ರಿ. ನಾ ಕುಂತಿರ್ತೇನಿ.”

ಹೊರಗೆ ನಾವು ಹನ್ನೆರಡು ಜನ ಕಾಯುತ್ತಿದ್ದೆವು. ಬಾಗಿಲು ತೆರೆಯಲಿಲ್ಲ. ನಾನು ಕ್ಯಾಲೆಂಡರಿನ ಹಬ್ಬಗಳನ್ನೆಲ್ಲ ಮುಗಿಸಿ ಅಮಾವಾಸ್ಯೆಗಳಿಗೆ ಬಂದಿದ್ದೆ. ಒಳಗೆ ಡಾಕ್ಟರು ಗಡಿಯಾರ ನೋಡಲಿಲ್ಲ, ಫೋನು ಮುಟ್ಟಲಿಲ್ಲ, ಒಂದೂ ಬುದ್ಧಿಮಾತು ಹೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಯಲ್ಲಾರಿ ಹೇಳಿದ: “ಬದುಕಬೇಕಂತಾನ್ರಿ. ಖರೆ ಹಿಂಗಲ್ಲ ಅಂತಾನ.”

“ಹಿಂಗಲ್ಲ ಅನ್ನೂದು ಖರೆ ಐತಿ. ಇದು ಬ್ಯಾನಿ. ಸೊಕ್ಕೂ ಅಲ್ಲ, ಹುಚ್ಚೂ ಅಲ್ಲ. ಗುಣಾ ಆಗತೈತಿ” ಎಂದು ಡಾಕ್ಟರು ಗುಳಿಗೆ ಬರೆದರು. ಎಷ್ಟು ದಿನಕ್ಕೆ ಎಂದು ಇವನು ಕೇಳಿದ. ಗುಳಿಗೆ ಕೆಲಸ ಶುರು ಮಾಡಲಿಕ್ಕೇ ಎರಡು ಮೂರು ವಾರ ಬೇಕು ಎಂದಾಗ ಮುಖ ಸಣ್ಣದು ಮಾಡಿದ. “ಹೊಸಾ ತಂತಿ ಸುತ್ತಿದ ಮ್ಯಾಲ ವಾರ್ನಿಶ್ ಒಣಗಾಕ ಬಿಡೂದಿಲ್ಲೇನು? ಹಸೀದರಾಗ ಚಾಲೂ ಮಾಡ್ತೀರೇನು?” ಎಂದು ಆಕೆ ಕೇಳಿದಾಗ ಇವನು ಬಾಯಿ ಮುಚ್ಚಿದ. ತನ್ನ ಕಸುಬಿನ ಮಾತಿಗೆ ಎದುರಾಡುವ ಗಂಡಸಲ್ಲ ಅವನು.

ಇವನನ್ನು ಒಬ್ಬನೇ ಮನೆಗೆ ಕಳಿಸಲು ಡಾಕ್ಟರು ಒಪ್ಪಲಿಲ್ಲ. ಅವನನ್ನೇ ಕೇಳಿ, ಅವನ ಹೆಂಡತಿ ಅಲ್ಲವ್ವನಿಗೆ ಫೋನು ಮಾಡಿಸಿದರು. ಅಲ್ಲವ್ವ ಬಸ್ಸು ಹಿಡಿದು ಬಂದಳು. ಯಲ್ಲಾರಿ ತನಗೂ ಜೋಡಿ ಒಬ್ಬರು ಬೇಕೆಂದು ಹಟ ಹಿಡಿದಿದ್ದರಿಂದ ನನ್ನನ್ನೂ ಒಳಗೆ ಕರೆದರು. ಪಾಪ, ಹೇಗೆ ಹೇಳಿಯಾನು ಎಂದು ನಾನೇ ಬಾಯಿ ತೆರೆದೆ. ಡಾಕ್ಟರು ಕೈ ಅಡ್ಡ ಹಿಡಿದರು. ಜೋಡಿ ಬಂದವರ ಬುದ್ಧಿ ನನಗೂ ತಪ್ಪಿರಲಿಲ್ಲ.

“ನನಗ ಆರಾಮ ಇಲ್ಲ” ಎಂದ ಯಲ್ಲಾರಿ, ಹೆಂಡತಿಯ ಮುಖ ನೋಡದೆ.

ಡಾಕ್ಟರು ಅಲ್ಲವ್ವನಿಗೆ ಎಲ್ಲವನ್ನೂ ತಿಳಿಸಿ, ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧವಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಬೇಕು ಎಂದರು.

“ಅದು ಹೋದ ಉಗಾದಿಗೇ ನನ್ನ ತಮ್ಮನ ಮನಿಗಿ ಹೋಗೇತ್ರಿ. ಕ್ಯಾನಿನ್ಯಾಗ ಬರೇ ನೀರ ತುಂಬಿಟ್ಟೇನಿ” ಎಂದಳು ಅಲ್ಲವ್ವ.

ಯಲ್ಲಾರಿ ಕತ್ತೆತ್ತಿದ. “ನಿನಗ ಗೊತ್ತಿತ್ತೇನ?”

“ಬಾಜೂ ಮಲಗಾಕಿಗೆ ಗೊತ್ತಾಗಂಗಿಲ್ಲೇನ್ರಿ?” ಎಂದು ಅವಳು ಡಾಕ್ಟರ ಕಡೆ ತಿರುಗಿದಳು. “ಒಮ್ಮೆ ದವಾಖಾನಿಗಿ ಹೋಗೂನು ಅಂದಿದ್ದಕ್ಕ, ನನಗೇನ ಹುಚ್ಚ ಹಿಡದೈತೇನ ಅಂತ ಎರಡ ದಿನಾ ಮಾತ ಬಿಟ್ರು. ಇನ್ನ ಯಾರಿಗೆ ಹೇಳಲಿ? ಊರಾಗ ಕರಕೊಂಡ ಹೋಗಾವರು ಇವರ ಒಬ್ಬರು. ಅದಕ್ಕ ದುರ್ಗಪ್ಪನ ಹೇಂತಿಗೆ ನಿಮ್ಮ ಹೆಸರ ಹೇಳಿದೆ. ಆಮ್ಯಾಲ ಮತ್ತ ಮೂರ ಮಂದಿಗೆ ಹೇಳಿದೆ. ಈಗ ಅಕ್ಕಾರಿಗೆ ಹೇಳಿ ಕಳಿಸಿದೆ. ಯಾರದರ ಜೋಡಿ ಬರ್ತಾರ, ಒಂದಿಲ್ಲ ಒಂದ ಸಲ ನೀವು ಗುರ್ತಾ ಹಿಡೀತೀರಿ ಅಂತ ದಾರಿ ನೋಡಾಕತ್ತಿದ್ದೆ.”

ನಾನು ದಂಗಾದೆ. ನನ್ನ ಎದೆಬಡಿತಕ್ಕೆ ಇವಳು ಅಷ್ಟು ಕಳಕಳಿಯಿಂದ ಡಾಕ್ಟರ ವಿಳಾಸ ಬರೆದುಕೊಟ್ಟಿದ್ದಳಲ್ಲ, ಎಂಥ ಒಳ್ಳೆಯ ನೆರೆಯವಳು ಎಂದು ಮಗಳ ಮುಂದೆ ಹೊಗಳಿದ್ದೆ. ನನ್ನನ್ನು ಗಾಳಕ್ಕೆ ಸಿಕ್ಕಿಸಿದ ಹುಳ ಮಾಡಿದ್ದಳು. ಸಿಟ್ಟು ಬರಬೇಕಿತ್ತು, ಆದರೆ ನಾನು ಸರಿದು ಅವಳ ಪಕ್ಕಕ್ಕೆ ಹೋಗಿ ಕುಳಿತೆ.

“ಅಕ್ಕಾರ ಜೋಡಿನೂ ಆಗದಿದ್ರ?” ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

“ಮುಂದಿನ ಸೋಮವಾರ ನಾನ ಹುಚ್ಚಿ ಹಂಗ ಮಾಡಾಕಿದ್ದೆನ್ರಿ” ಎಂದಳು ಅಲ್ಲವ್ವ. “ಹೇಂತಿಗೆ ಹಿಂಗಾಗೈತಿ ಅಂದ್ರ ಆವತ್ತರ ಕರಕೊಂಡ ಬರ್ತಿದ್ರಲ್ಲ.”

ಯಲ್ಲಾರಿ ಅವಳ ಸೆರಗಿನ ತುದಿ ಹಿಡಿದುಕೊಂಡು, ನಮ್ಮೆಲ್ಲರ ಎದುರಿಗೇ ದನಿ ತೆಗೆದು ಅತ್ತ.