ಏಳನೆಯ ಪರದೆಯ ದೃಷ್ಟಿಬೊಟ್ಟು

ಕಾಕಾ ಅವರ ಬಲಮೊಣಕಾಲು ಕೂತಲ್ಲಿ ಸುಮ್ಮನಿರುತ್ತಿರಲಿಲ್ಲ. ನಮ್ಮ ಸೋಫಾದಲ್ಲಿ ಅವರು ಕೂತರೆ ಟೀಪಾಯಿಯ ಮೇಲಿನ ಕಪ್‌ಸಾಸರುಗಳೆಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಅವರು ರೆಡ್‌ವುಡ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ಊರು ಹುಬ್ಬಳ್ಳಿ. ಸಂಬಂಧವೇನೂ ಇಲ್ಲ, ಕಾಕಾ ಅನ್ನಿ ಎಂದು ಅವರೇ ಹೇಳಿದ್ದು. ಆಫೀಸು ಕಟ್ಟಡಗಳು ಗಾಳಿಗೆ, ಭೂಕಂಪಕ್ಕೆ ಬೀಳದಂತೆ ಲೆಕ್ಕ ಹಾಕುವುದು ಅವರ ಕೆಲಸ. "ನನ್ನ ಲೆಕ್ಕ ತಪ್ಪಿದ್ದು ತೋರಸ್ರಿ, ಮೀಸಿ ಬೋಳಸ್ಕೋತೀನಿ" ಎಂದು ದಪ್ಪ ಮೀಸೆ ತೀಡುತ್ತ ಸಿಕ್ಕವರಿಗೆಲ್ಲ ಸವಾಲು ಹಾಕುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಯಜಮಾನರು ಆಫೀಸಿಗೆ ಹೋದ ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಓಡಾಡುವುದೇ ನನ್ನ ದಿನಚರಿ. ಕಾಕಾ ಒಂದು ಶನಿವಾರ ಬಾಗಿಲಲ್ಲೇ ನಿಂತು, "ಹೊಲಿಗಿ ಬರತದಲ್ಲ ನಿಮಗ? ಕೂತು ತುಕ್ಕ ಹಿಡೀಬ್ಯಾಡ್ರಿ, ನಡೀರಿ" ಎಂದರು.

ಕರೆದೊಯ್ದದ್ದು ಪಾಲೋ ಆಲ್ಟೋದ ಒಬ್ಬ ಶಿಲ್ಪಿಯ ಶೆಡ್ಡಿಗೆ. ಆಕೆ ನೆವಾಡಾದ ಮರುಭೂಮಿಯಲ್ಲಿ, ಒಣಗಿದ ಕೆರೆಯಂಗಳದ ಮೇಲೆ, ಮೂರಂತಸ್ತಿನ ಎತ್ತರದ ಏಳು ಬಿಳಿ ಪರದೆಗಳನ್ನು ಸಾಲಾಗಿ ನಿಲ್ಲಿಸುವವಳಿದ್ದಳು. ಕಂಬಗಳ ಲೆಕ್ಕ ಕಾಕಾ ಅವರದು, ಹೊಲಿಗೆ ನನ್ನದು, ಇಬ್ಬರಿಗೂ ಸಂಬಳವಿಲ್ಲ. ಆಕೆಯದು ಒಂದೇ ಕಟ್ಟಪ್ಪಣೆ: ಗುರುತು ಹಾಕಿದ ಗೆರೆಯ ಆಚೆ ಒಂದು ಸೂಜಿ ತೂತೂ ಬೀಳಬಾರದು. ಮೂರು ತಿಂಗಳು ಹೊಲಿದೆ. ಈ ದೇಶದಲ್ಲಿ ನನಗೆ ಮೊದಲ ಸಲ ಚೆನ್ನಾಗಿ ಹಸಿವಾದದ್ದು ಆಗಲೇ.

ಆದರೆ ಶೆಡ್ಡಿಗೆ ಬಂದವರೆಲ್ಲ ಆಹಾ ಓಹೋ ಎನ್ನತೊಡಗಿದಾಗ ನನಗೆ ದಿಗಿಲಾಯಿತು. ಇಷ್ಟು ಜನರ ಕಣ್ಣು! ಏಳನೆಯ ಪರದೆಯ ಕೆಳಅಂಚಿನಲ್ಲಿ, ಯಾರಿಗೂ ಹೇಳದೆ, ಹೆಬ್ಬೆರಳಿನಷ್ಟು ಕರಿ ಬಟ್ಟೆ ಹೊಲಿದೆ. ದೃಷ್ಟಿಬೊಟ್ಟು.

ಮರುಭೂಮಿಗೆ ನಾವೂ ಹೋದೆವು. ಪರದೆಗಳು ಎದ್ದ ದಿನ ಮಧ್ಯಾಹ್ನವೇ ಗಾಳಿ ಎದ್ದಿತು. ಆರು ಪರದೆಗಳು ಉಬ್ಬಿ ನಿಂತವು. ಏಳನೆಯದು ಕೆಳಗಿನಿಂದ ಮೇಲಿನವರೆಗೆ ಪರ್ರನೆ ಹರಿದುಹೋಯಿತು. ಕಾಕಾ ಓಡಿಹೋಗಿ ಮಂಡಿಯೂರಿ ಹರುಕಿನ ತುದಿ ಹಿಡಿದರು. ಅಲ್ಲಿ ನನ್ನ ಬೊಟ್ಟಿತ್ತು. ಹರಿದದ್ದು ಅದರ ಸೂಜಿತೂತುಗಳ ಸಾಲಿನಿಂದಲೇ. ಕಾಕಾ ಒಮ್ಮೆ ನನ್ನ ಮುಖ ನೋಡಿದರು, ಬೊಟ್ಟನ್ನು ಕಿತ್ತು ಮುಷ್ಟಿಯೊಳಗೆ ಇಟ್ಟುಕೊಂಡರು. ಆಮೇಲೆ ಶಿಲ್ಪಿಯ ಕಡೆ ತಿರುಗಿ, ಗಾಳಿಯ ಲೆಕ್ಕದಲ್ಲಿ ತಾವೇ ತಪ್ಪಿದ್ದಾಗಿ ಇಂಗ್ಲಿಷಿನಲ್ಲಿ ಹೇಳಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ವಾಪಸು ಬರುವಾಗ ಫ್ರೀವೇಯುದ್ದಕ್ಕೂ ಅವರ ಬೆರಳುಗಳು ಸ್ಟಿಯರಿಂಗಿನ ಮೇಲೆ ಕುಟ್ಟುತ್ತಲೇ ಇದ್ದವು.

"ಬೊಟ್ಟ ಹೊಲೀಬಾರದವ್ವಾ, ಕಾಡಿಗಿ ಹಚ್ಚಬೇಕು" ಎಂದರು.

"ಕಾಕಾ, ನಾಳೆ ಫೋನ್ ಮಾಡಿ ಅವ್ರಿಗೆ ಹೇಳ್ಬಿಡ್ತೀನಿ."

"ಬ್ಯಾಡ. ನನಗ ಆಫೀಸ್ ಅದ. ನಿಮಗ ಇದೊಂದ ಅದ."

ಸೋಮವಾರ ಬೆಳಿಗ್ಗೆ ಪಾರ್ಕಿಂಗ್ ಲಾಟಿನಲ್ಲಿ ನೋಡಿದರೆ ಕಾಕಾ ಅವರ ಮೀಸೆ ಇರಲಿಲ್ಲ.

ಶಿಲ್ಪಿ ನನ್ನನ್ನು ಮತ್ತೆ ಕರೆದಳು, ಅವರನ್ನು ಕರೆಯಲಿಲ್ಲ. ಅವರೂ ಆ ಕಡೆ ಸುಳಿಯಲಿಲ್ಲ. ಶನಿವಾರ ಬಂದರೆ ಒಂದೇ ಕಾರನ್ನು ಎರಡು ಸಲ ತೊಳೆಯುತ್ತಿದ್ದರು, ಆಮೇಲೆ ಮನೆಯೊಳಗೆ ಶತಪಥ ತಿರುಗುತ್ತಿದ್ದರು. ಬಟ್ಟೆ ಮನೆಗೆ ತಂದು ಕೆಳಗೆ ನಾನು ಹೊಲಿಯುವಾಗ ನನ್ನ ತಲೆಯ ಮೇಲೆ ಆ ಹೆಜ್ಜೆಗಳು. ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಕೆಲಸ ಕೈತಪ್ಪೀತೆಂಬ ಭಯಕ್ಕೆ ಮಿಷನ್ನಿನ ವೇಗ ಹೆಚ್ಚಿಸುತ್ತಿದ್ದೆ. ನಾನು ಹೇಡಿಯಾಗಿದ್ದೆ, ಬೇರೆ ಮಾತಿಲ್ಲ.

ಮೂರು ವರ್ಷದ ಮೇಲೆ ಆಫೀಸಿನಲ್ಲೇ ಅವರ ಎದೆಬಡಿತ ನಿಂತಿತು. ಅಂತಿಮ ದರ್ಶನಕ್ಕೆ ಶಿಲ್ಪಿಯೂ ಬಂದಳು. ಮುಖವನ್ನು ದಿಟ್ಟಿಸಿ, "ಮೀಸೆ ಎಲ್ಲಿ?" ಎಂದು ಕೇಳಿದಳು. ಅಲ್ಲೇ ನಿಂತು ಎಲ್ಲ ಹೇಳಿದೆ.

ಆಕೆ ಮತ್ತೊಮ್ಮೆ ಆ ಮುಖ ನೋಡಿ, "ಆ ಲೆಕ್ಕವನ್ನು ಬೇರೆಯವರಿಗೆ ತೋರಿಸಿದ್ದೆ. ಸರಿಯಾಗಿಯೇ ಇತ್ತು. ನಮ್ಮ ಕೆಲಸ ಸಾಕಾಗಿ ನೆಪ ಹೇಳಿದರು ಅಂದುಕೊಂಡೆ. ಅವರೇ ಫೋನ್ ಮಾಡಲಿ ಅಂತ ಕಾಯುತ್ತಿದ್ದೆ" ಎಂದಳು.

ಆಕೆ ನನ್ನ ಕೆಲಸ ಬಿಡಿಸಲಿಲ್ಲ. ಶನಿವಾರ ಈಗಲೂ ಹೊಲಿಯುತ್ತೇನೆ. ಮೇಲಿನ ಮನೆಗೆ ಎಷ್ಟೋ ಜನ ಬಂದುಹೋದರು, ಈಗಿರುವವರು ಮೆತ್ತಗೆ ನಡೆಯುವ ಜನ. ಆದರೂ ನಡುನಡುವೆ ಮಿಷನ್ ನಿಲ್ಲಿಸಿ ತಲೆಯೆತ್ತಿ ಕೇಳಿಸಿಕೊಳ್ಳುತ್ತೇನೆ.